ಸುಣ್ಣಕಲ್ಲಿನ ಊರು ಸೇಂತ್ ಎಮಿಲಿಯೋಂ

ಫ್ರಾನ್ಸಿನ ಬೋರ್ಡೋ ನಗರದಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ ಸೇಂತ್ ಎಮಿಲಿಯೋಂ ದ್ರಾಕ್ಷಾರಸಕ್ಕೆ ಹೆಸರಾದ ಊರಾದರೂ, ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಸುಣ್ಣಕಲ್ಲು. ಒಂದೇ ಬಂಡೆಯನ್ನು ಒಳಗಿನಿಂದ ಕೊರೆದು 12ನೆಯ ಶತಮಾನದಲ್ಲಿ ರೂಪಿಸಿದ ಇಗರ್ಜಿಯೊಳಗೆ ನಿಂತರೆ, ನೆತ್ತಿಯ ಮೇಲಿರುವ ಗಂಟೆಗೋಪುರದ ಅಗಾಧ ಭಾರವನ್ನು ಹೊತ್ತು ದಣಿದ ಕಂಬಗಳಿಗೆ ಈಗ ಲೋಹದ ಪಟ್ಟಿಗಳನ್ನು ಬಿಗಿದಿರುವುದು ಕಾಣುತ್ತದೆ. ಆ ನೋಟ ನನಗೆ ನಿಜಕ್ಕೂ ನೋವು ತಂದಿತು. ಮನೆ ಕಟ್ಟಲೆಂದು ನೆಲದಡಿಯಿಂದ ಕಲ್ಲು ತೆಗೆದಾಗ ಉಳಿದ ಸುರಂಗಗಳೇ ಇಂದು, ವರ್ಷವಿಡೀ ತಂಪಾಗಿರುವುದರಿಂದ, ದ್ರಾಕ್ಷಾರಸದ ಉಗ್ರಾಣಗಳಾಗಿವೆ.

ಗೋಪುರದ ಕಡಿದಾದ ಮೆಟ್ಟಿಲುಗಳನ್ನು ತಪ್ಪದೇ ಹತ್ತಬೇಕು. 1999ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಊರೊಂದೇ ಅಲ್ಲ, ಸುತ್ತಲಿನ ದ್ರಾಕ್ಷಿ ತೋಟಗಳ ಭೂದೃಶ್ಯವೂ ಹೌದು ಎಂಬುದು ಮೇಲಿನಿಂದ ನೋಡಿದಾಗ ಅರ್ಥವಾಗುತ್ತದೆ. ಇಳಿದ ಮೇಲೆ ಬಾಡಿಗೆ ಸೈಕಲ್ಲಿನಲ್ಲಿ ಮೆರ್ಲೋ ಎಂಬ ದ್ರಾಕ್ಷಿ ತಳಿಯ ಬಳ್ಳಿಗಳ ಸಾಲುಗಳ ನಡುವೆ ದೊರ್ದೋನ್ ನದಿಯ ಕಡೆಗೆ ನಿಧಾನವಾಗಿ ಸಾಗಿದೆ.