ಉಚ್ಚಾರವಿಲ್ಲದ ಆ 'ಬಿ' ಎಲ್ಲಿಂದ ಬಂತು?

ಸಾಲ ಎಂಬ ಅರ್ಥದ ಇಂಗ್ಲಿಷ್ ಪದ 'ಡೆಟ್' ಅನ್ನು ಬರೆಯುವಾಗ ನಡುವೆ ಒಂದು 'ಬಿ' ಅಕ್ಷರ ಸೇರಿಸಬೇಕು, ಓದುವಾಗ ಅದನ್ನು ಬಿಡಬೇಕು. ಹಿಂದೆ ಉಚ್ಚಾರದಲ್ಲಿದ್ದು ಕ್ರಮೇಣ ಸವೆದುಹೋದ ಅಕ್ಷರವಿದು ಎಂದು ಅನೇಕರು ಭಾವಿಸುತ್ತಾರೆ. ಆದರೆ ಇಂಗ್ಲಿಷಿಗೆ ಬಂದಾಗ ಆ ಪದದಲ್ಲಿ 'ಬಿ' ಇರಲೇ ಇಲ್ಲ.

ಪದದ ಮೂಲ ಲ್ಯಾಟಿನ್ನಿನ 'ದೇಬೇರೆ' ಎಂಬ ಧಾತು. 'ದೇ' ಎಂದರೆ 'ಇಂದ', 'ಹಬೇರೆ' ಎಂದರೆ 'ಹೊಂದಿರು'; ಇನ್ನೊಬ್ಬರಿಂದ ಬಂದದ್ದನ್ನು ತನ್ನಲ್ಲಿ ಇಟ್ಟುಕೊಂಡಿರುವುದು, ಅಂದರೆ ಅದನ್ನು ಕೊಡಬೇಕಾಗಿರುವುದು ಎಂಬ ಅರ್ಥ ಈ ಎರಡರ ಕೂಡುವಿಕೆಯಿಂದ ಹುಟ್ಟಿತು. ಅದರ ಕೃದಂತರೂಪ 'ದೇಬಿತುಂ'. ಇದು ಜನರ ಬಾಯಲ್ಲಿ ಶತಮಾನಗಳ ಕಾಲ ಬಳಕೆಯಾಗಿ ಫ್ರೆಂಚ್ ಆಗುವಷ್ಟರಲ್ಲಿ ನಡುವಿನ ಸ್ವರ ಲೋಪವಾಗಿ, 'ಬ'ಕಾರವು ಮುಂದಿನ 'ತ'ಕಾರದಲ್ಲಿ ಕರಗಿ, 'ದೆತ್ತೆ' ಉಳಿಯಿತು. ಸಂಸ್ಕೃತದ 'ಸಪ್ತ' ಪ್ರಾಕೃತದಲ್ಲಿ 'ಸತ್ತ' ಆದದ್ದೂ ಇದೇ ಬಗೆಯಲ್ಲಿ. 1066ರಲ್ಲಿ ಫ್ರೆಂಚ್ ಆಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಅಲ್ಲಿನ ಆಸ್ಥಾನ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ನೆಲೆಯೂರಿತು. ಇಂಗ್ಲಿಷರು ಈ ಪದವನ್ನು ಪಡೆದದ್ದು ಆ ದಾರಿಯಲ್ಲಿ, 'ಬಿ' ಇಲ್ಲದ ರೂಪದಲ್ಲೇ.

ಲ್ಯಾಟಿನ್ ವ್ಯಾಸಂಗಕ್ಕೆ ಮನ್ನಣೆ ಹೆಚ್ಚಿದಂತೆ ಮೂಲವನ್ನು ಕಣ್ಣಿಗೆ ಕಾಣಿಸಬೇಕೆಂಬ ಹಂಬಲದಿಂದ ಬಲ್ಲವರು 'ಬಿ'ಯನ್ನು ಬರವಣಿಗೆಗೆ ತಂದರು; 'ಡೌಟ್' ಪದಕ್ಕೂ ಇದೇ ಆಯಿತು. 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್‌ನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಹೊಲೊಫರ್ನೀಸ್ ಎಂಬ ಪಂಡಿತ, ಈ ಎರಡು ಪದಗಳಲ್ಲಿ 'ಬಿ'ಯನ್ನು ಉಚ್ಚರಿಸದವರ ಮೇಲೆ ಸಿಡಿಮಿಡಿಗೊಳ್ಳುತ್ತಾನೆ. ಫ್ರೆಂಚರೂ ಕೆಲಕಾಲ ಹೀಗೆಯೇ 'ಬಿ' ಸೇರಿಸಿ ಬರೆದು, ಮುಂದೆ ಅದನ್ನು ಕೈಬಿಟ್ಟರು. ಅವರು ಮಾಡಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ಏಕೆಂದರೆ ಇಂಗ್ಲಿಷಿನ ಈಗಿನ ಕಾಗುಣಿತವು ಪದವು ಲ್ಯಾಟಿನ್ನಿನಿಂದ ನೇರವಾಗಿ ಬಂದಿತೆಂಬ ಭ್ರಮೆ ಹುಟ್ಟಿಸಿ, ನಡುವೆ ಅದನ್ನು ಆಡುತ್ತ ಉಳಿಸಿಕೊಂಡು ಬಂದ ಫ್ರೆಂಚ್ ಜನರನ್ನು ಮರೆಮಾಡುತ್ತದೆ.

ಲ್ಯಾಟಿನ್ನನ್ನು ನೇರವಾಗಿ ನೆನಪಿಸುವ ಪದಗಳು ಬೇರೆಯೇ ಇವೆ. 'ದೇಬಿತುಂ' ರೂಪವನ್ನು 'ಡೆಬಿಟ್' ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದೆ. ಸಾಲಪತ್ರ ಎಂಬ ಅರ್ಥದ 'ಡಿಬೆಂಚರ್' ಎಂಬುದು 'ಕೊಡಬೇಕಾಗಿವೆ' ಎಂಬ ಅರ್ಥದ 'ದೇಬೆಂತುರ್' ಎಂಬ ಲ್ಯಾಟಿನ್ ಕ್ರಿಯಾರೂಪದಿಂದ ಬಂದದ್ದು. 'ಡ್ಯೂ', 'ಡ್ಯೂಟಿ'ಗಳು ಇದೇ ಧಾತುವಿನ ಫ್ರೆಂಚ್ ಸಂತಾನ; ಅವುಗಳ ಬರವಣಿಗೆಗೆ ಯಾರೂ 'ಬಿ' ತುರುಕಲಿಲ್ಲ. ಈ ತಿದ್ದುಪಡಿಯಲ್ಲಿ ಏಕರೂಪತೆಯೂ ಇರಲಿಲ್ಲ: ಲ್ಯಾಟಿನ್ನಿನ ಒಂದೇ ಧಾತುವಿನಿಂದ ಫ್ರೆಂಚ್ ಮೂಲಕ ಬಂದ 'ರಿಸೀಟ್', 'ಡಿಸೀಟ್' ಪದಗಳಲ್ಲಿ ಮೊದಲನೆಯದಕ್ಕೆ ಉಚ್ಚರಿಸದ 'ಪಿ' ಅಂಟಿಕೊಂಡಿತು, ಎರಡನೆಯದರಲ್ಲಿ ಅದು ನೆಲೆನಿಲ್ಲಲಿಲ್ಲ.