ಸೋರೆಬುರುಡೆಯ ಕಟಕಟ, ಸೋಲಿಯ ಹೆಜ್ಜೆ

ಪಶ್ಚಿಮ ಆಫ್ರಿಕದ ಮಾಲಿ, ಗಿನಿ ಕಡೆಯ ಬಮಾನಾ ಮತ್ತು ಮಲಿಂಕೆ ಜನರ ಹಳ್ಳಿಗಳಲ್ಲಿ ಸುನ್ನತಿಯಾದ ಹುಡುಗರು ಗಾಯ ಮಾಯುವ ತನಕ ಊರವರಿಂದ ದೂರ, ಒಟ್ಟಿಗೆ ಇರುವ ರೂಢಿ. ಅವರು ಓಡಾಡುವಾಗ ಕೈಯಲ್ಲಿ ವಸಾಂಬಾ ಎಂಬ ಬುರುಡೆ ವಾದ್ಯ ಅಲುಗುತ್ತಿರುತ್ತದೆ. ಆ ಕಟಕಟ ಸದ್ದು ಕೇಳಿದರೆ ಹುಡುಗರು ಬರುತ್ತಿದ್ದಾರೆಂದು ಅರ್ಥ.

ವಸಾಂಬಾಕ್ಕೆ ಬೇಕಾದ್ದು ಒಂದು ಕವಲು ಕೊಂಬೆ ಮತ್ತು ಒಣಗಿದ ಸೋರೆಬುರುಡೆ. ಒಂದು ಕವಲು ಹಿಡಿಕೆ. ಇನ್ನೊಂದಕ್ಕೆ ಬುರುಡೆಯಿಂದ ಕತ್ತರಿಸಿದ ದುಂಡನೆಯ ಬಿಲ್ಲೆಗಳನ್ನು ಗಾತ್ರದ ಕ್ರಮದಲ್ಲಿ ಪೋಣಿಸಿ, ಜಾರಿ ಬೀಳದಂತೆ ತುದಿಯನ್ನು ಭದ್ರ ಮಾಡುತ್ತಾರೆ. ನಾಜೂಕಿನ ಕೆಲಸವೆಂದರೆ ತೂತು. ಬಿಗಿಯಾದರೆ ಬಿಲ್ಲೆ ಸರಿಯುವುದಿಲ್ಲ. ತೀರಾ ಸಡಿಲವಾದರೆ ವಾಲಾಡಿ ಸದ್ದು ಚೆದುರುತ್ತದೆ. ಬುರುಡೆಯಲ್ಲಿ ಹಸಿ ಉಳಿದಿದ್ದರಂತೂ ಬರೀ ಡಬ್ ಡಬ್. ಆಡಿಸುವಾಗ ಬಿಲ್ಲೆಗಳು ಒಮ್ಮೆ ತುದಿಗೆ, ಒಮ್ಮೆ ಕವಲಿಗೆ ಬಡಿಯುತ್ತವೆ, ಹಾಗಾಗಿ ಒಂದು ಅಲುಗಾಟಕ್ಕೆ ಎರಡು ಪೆಟ್ಟು.

ಹಬ್ಬದ ವಾದ್ಯ ಬೇರೆ. ಗಿನಿಯ ಕುರುಸ್ಸಾ ಸುತ್ತಿನ ಹಮಾನಾ ಸೀಮೆಯಲ್ಲಿ ಸುನ್ನತಿಯ ಸಂಭ್ರಮಕ್ಕೆ ಸೇರಿದ ಲಯ ಸೋಲಿ. ಅದರಲ್ಲಿ ಜೆಂಬೆ ಎಂಬ ಡೋಲಿಗೆ ಮೇಕೆ ಚರ್ಮ, ಬರಿಗೈ ನುಡಿಸಾಣಿಕೆ. ಜೊತೆಗೆ ಎರಡೂ ಬದಿ ಹಸುವಿನ ಚರ್ಮ ಬಿಗಿದ ಮೂರು ಡುನುನ್ ಡೋಲುಗಳು: ಚಿಕ್ಕದು ಕೆಂಕೆನಿ, ನಡುವಿನದು ಸಂಗ್ಬಾನ್, ದೊಡ್ಡದು ಡುನುನ್ಬಾ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಗಂಟೆಯ ಪೆಟ್ಟು. ಲಯದ ಗುರುತು ಸಂಗ್ಬಾನಿನಲ್ಲಿದೆ. ಜೆಂಬೆ ಎಷ್ಟೇ ಮೆರೆಯಲಿ, ಸಂಗ್ಬಾನ್ ತಪ್ಪಿದರೆ ಅದು ಸೋಲಿಯೇ ಅಲ್ಲ.

ಲೆಕ್ಕ ನಮ್ಮ ತಿಶ್ರ ನಡೆಯದು: 4 ಹೆಜ್ಜೆ, ಹೆಜ್ಜೆಗೆ 3, ಒಟ್ಟು 12. ಆದರೆ ಆ ಮೂರು ಮಾತ್ರೆಗಳು ಗಡಿಯಾರದಂತೆ ಸಮವಲ್ಲ, ಒಂದು ಕೊಂಚ ಹಿಗ್ಗಿದರೆ ಇನ್ನೊಂದು ಕುಗ್ಗುತ್ತದೆ. ಬರಹದಲ್ಲಿಟ್ಟು ಕಲಿತವರ ಕೈಯಲ್ಲಿ ಲಯ ಕಟ್ಟಿಗೆಯಾಗುವುದು ಇಲ್ಲಿಯೇ. ಇಂಥ ಲಯಗಳಲ್ಲಿ ಎಷ್ಟೋ ಸಲ ಡುನುನ್ ಪೆಟ್ಟು ಹೆಜ್ಜೆಯ ಮೇಲೆ ಬೀಳದೆ ಎಡೆಯಲ್ಲಿ ಬೀಳುತ್ತದೆ. ಹೊಸಬರು ಅದನ್ನೇ ‘ಒಂದು’ ಎಂದು ಎಣಿಸಿ ದಾರಿ ತಪ್ಪುತ್ತಾರೆ. ಕಿವಿ ಗಲಿಬಿಲಿಯಾದಾಗ ಕುಣಿಯುವವರ ಪಾದ ನೋಡಬೇಕು.

ಸೆನೆಗಲ್, ಗ್ಯಾಂಬಿಯಾದ ಮಂಡಿಂಕಾ ಹುಡುಗರ ದೀಕ್ಷೆಯಲ್ಲಿ ಫಾರಾ ಮರದ ಕೆಂಪು ನಾರು ತೊಟ್ಟ ಕಂಕುರಂಗ್ ಎಂಬ ಮುಖವಾಡದ ವೇಷ ಎರಡು ಮಚ್ಚು ಝಳಪಿಸುತ್ತಾ ಬರುತ್ತದೆ. ಹಿಂಬಾಲಿಸುವವರು ಡೋಲು, ಪಲ್ಲವಿಗಳಿಂದ ಅದರ ಹೆಜ್ಜೆಗೆ ಒತ್ತು ಕೊಡುತ್ತಾರೆ. 2008ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಪವಿತ್ರ ಕಾಡುಗಳು ಹೊಲವಾಗುತ್ತಿರುವುದು ಈ ಆಚರಣೆಗೆ ದೊಡ್ಡ ಪೆಟ್ಟು.

ಮಾಲಿಯ ಸೊಂಗೊ ಎಂಬ ಡೋಗೊನ್ ಜನರ ಹಳ್ಳಿಯಲ್ಲಿ ಹುಡುಗರು ಮನೆಗೆ ಮರಳಿದರೂ ಅವರ ಬುರುಡೆ ವಾದ್ಯಗಳು ಮರಳುವುದಿಲ್ಲ. ಕೆಂಪು, ಬಿಳಿ, ಕಪ್ಪು ಚಿತ್ರ ಬರೆದ ಬಂಡೆಯ ಹತ್ತಿರದ ಗುಹೆಯಲ್ಲಿ ಅವನ್ನು ಇಟ್ಟುಬಿಡುತ್ತಾರೆ.