ಪಿರನೇಸಿ ಅಚ್ಚು: ತಗಡಿನ ವಯಸ್ಸು ಬೇರೆ, ಕಾಗದದ ವಯಸ್ಸು ಬೇರೆ

ಹಳೆಯ ಅಚ್ಚುಚಿತ್ರಗಳ ದಾಖಲೆ ಕೆಲಸಕ್ಕೆ ಹೊಸದಾಗಿ ಸೇರಿದವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ರೋಮಿನ ಕೊಲೋಸಿಯಂ ಚಿತ್ರದ ಕೆಳಗೆ ಇಟಲಿಯ ಅಚ್ಚುಚಿತ್ರಕಾರ ಪಿರನೇಸಿಯ ಹೆಸರು ಕಂಡೊಡನೆ ‘18ನೇ ಶತಮಾನ’ ಎಂದು ಬರೆದುಬಿಡುತ್ತಾರೆ. ಜೊವಾನ್ನಿ ಬತ್ತಿಸ್ತಾ ಪಿರನೇಸಿ (1720–1778) ತೀರಿಹೋದ ಮೇಲೂ ಅವನು ಚಿತ್ರ ಕೊರೆದ ತಾಮ್ರದ ತಗಡುಗಳಿಂದ ಅಚ್ಚು ತೆಗೆಯುವುದು ನಿಲ್ಲಲಿಲ್ಲ. ಮಕ್ಕಳು ಅವನ್ನು ಪ್ಯಾರಿಸಿಗೆ ಒಯ್ದರು. 1830ರ ದಶಕದಲ್ಲಿ ಅಲ್ಲಿಯ ಫಿರ್ಮಾಂ ದಿದೊ ಸಂಸ್ಥೆ ಮುದ್ರಿಸಿತು. ಆಮೇಲೆ ಪೋಪರ ಸರ್ಕಾರ ಕೊಂಡುಕೊಂಡು ರೋಮಿಗೆ ತಂದಿತು, ಅಲ್ಲೂ ಮುದ್ರಣ ಮುಂದುವರಿಯಿತು.

ಕೈಯಲ್ಲಿರುವ ಅಚ್ಚು ಯಾವ ಕಾಲದ್ದೆಂದು ತಿಳಿಯಲು ಮೊದಲು ಅದನ್ನು ಫ್ರೇಮಿನಿಂದ ಬಿಡಿಸಿ. ಗಾಜಿನ ಮೇಲಿಂದ ನೋಡಿ ತೀರ್ಮಾನ ಹೇಳಬಾರದು. ಟಾರ್ಚನ್ನು ಪಕ್ಕದಿಂದ, ಕಾಗದದ ಮಟ್ಟಕ್ಕೇ ಹಿಡಿದರೆ ತಗಡು ಒತ್ತಿದ ಗುರುತು ಕಾಣುತ್ತದೆ, ಮಸಿಯ ಗೆರೆಗಳೂ ತುಸು ಉಬ್ಬಿರುತ್ತವೆ. 10 ಪಟ್ಟಿನ ಭೂತಗನ್ನಡಿಯಲ್ಲಿ ಗೆರೆಯ ಬದಲು ಸಾಲುಸಾಲು ಚುಕ್ಕೆ ಕಂಡರೆ ಅದು ಆಫ್‌ಸೆಟ್ ನಕಲು, ಅಂದರೆ ಯಂತ್ರದಲ್ಲಿ ಮುದ್ರಿಸಿದ ಪ್ರತಿ. ಅಂಥ ನಕಲಿಗೂ ಸುತ್ತ ತಗಡಿನ ಅಂಚಿನಂಥ ಗುರುತು ಒತ್ತಿ ಮಾರುವುದುಂಟು, ಹಾಗಾಗಿ ಒತ್ತುಗುರುತನ್ನಷ್ಟೇ ನಂಬಬೇಡಿ.

ಬಳಿಕ ಕಾಗದವನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ರೋಮಿನಲ್ಲಿ ಅವನ ಕಾಲಕ್ಕೆ ತೆಗೆದ ಅಚ್ಚುಗಳಲ್ಲಿ ಜೋಡಿ ವೃತ್ತದೊಳಗಿನ ಲಿಲ್ಲಿ ಹೂವಿನ ವಾಟರ್‌ಮಾರ್ಕ್ ಹಲವು ಬಾರಿ ಸಿಗುತ್ತದೆ. ಅದು ಎಲ್ಲಿದೆ, ಎಷ್ಟು ಮಿಲಿಮೀಟರ್ ಎಂದು ಬರೆದಿಡಿ. ಅಡಿಬರಹವನ್ನೂ ಪೂರ್ತಿ ಓದಿ: 1761ರಲ್ಲಿ ಅವನು ಸ್ತ್ರಾದಾ ಫೆಲಿಚೆ ಬೀದಿಯ ಪಲಾತ್ಸೊ ತೊಮಾತಿಗೆ ಮನೆ ಬದಲಿಸಿದ. ಆಮೇಲೆ ಹಲವು ತಗಡುಗಳಲ್ಲಿ ಆ ವಿಳಾಸವೂ ಎರಡೂವರೆ ಪಾವೊಲಿ (ಆಗಿನ ರೋಮಿನ ನಾಣ್ಯ) ಬೆಲೆಯೂ ಸೇರಿದವು. ಮುಂದೆ ಅವನ್ನು ಅಳಿಸಿದರು.

ತಗಡಿನ ಸವೆತ ನೋಡುವುದು ಚಿತ್ರದ ಆಕಾಶದಲ್ಲಿ. ಕಮಾನಿನೊಳಗಿನ ಕತ್ತಲೆಯ ಗೆರೆಗಳನ್ನು ಆಸಿಡ್ ಆಳವಾಗಿ ಕೊರೆದಿರುವುದರಿಂದ ಅವು ಬಹುಕಾಲ ನಿಲ್ಲುತ್ತವೆ. ಮೋಡದ ತೆಳುಗೆರೆ ಮೊದಲು ಮಾಸುತ್ತದೆ, ಯಾಕೆಂದರೆ ತಾಮ್ರ ಮೆದು, ಪ್ರತಿ ಅಚ್ಚಿಗೂ ತಗಡನ್ನು ಉಜ್ಜಿ ಒರೆಸಬೇಕು. ಆಕಾಶ ಬಿಳಿಚಿ, ಕಮಾನು ಮಾತ್ರ ಕಪ್ಪಗೆ ಉಳಿದಿದ್ದರೆ ಅದು ತಡವಾಗಿ ತೆಗೆದ ಅಚ್ಚೆಂದು ಅನುಮಾನಿಸಿ.

ಒಂದೇ ತಗಡಿನ ಎರಡು ಅಚ್ಚುಗಳ ಅಳತೆಯಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಒದ್ದೆ ಕಾಗದದ ಮೇಲೆ ಮುದ್ರಿಸುತ್ತಿದ್ದರು, ಒಣಗುವಾಗ ಅದು ಕುಗ್ಗುತ್ತದೆ, ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ನಡುವಿನ ಮಡಿಕೆಯೂ ದೋಷವಲ್ಲ, ದೊಡ್ಡ ಹಾಳೆಗಳನ್ನು ಮಡಿಸಿಯೇ ಸಂಪುಟಕ್ಕೆ ಹೊಲಿಯುತ್ತಿದ್ದರು. ಅದನ್ನು ಬಿಡಿಸಲೆಂದು ಭಾರ ಹೇರಿದರೆ ತಗಡಿನ ಗುರುತು, ಮಸಿಯ ಉಬ್ಬು ಎರಡೂ ಚಪ್ಪಟೆಯಾಗುತ್ತವೆ, ಮತ್ತೆ ಬರುವುದಿಲ್ಲ. ಬ್ಲೀಚ್ ಕೂಡ ಹಾಕಬೇಡಿ, ನಾರು ಸೊರಗುತ್ತದೆ. ಹಿಂದೆ ಸೆಲ್ಲೋಟೇಪ್ ಅಂಟಿದ್ದರೆ ಕೀಳದೆ ಕಾಗದ ಸಂರಕ್ಷಕರಿಗೆ ಒಪ್ಪಿಸಿ. ಮೌಂಟ್‌ಗೆ ಆಸಿಡ್ ಇಲ್ಲದ ಬೋರ್ಡೇ ಆಗಬೇಕು. ಮೇಲಂಚಿಗೆ ಮಾತ್ರ ಎರಡು ಜಪಾನಿ ಕಾಗದದ ತುಂಡು, ಗೋಧಿ ಗಂಜಿಯ ಅಂಟು ಸಾಕು. ಪ್ರದರ್ಶನದಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ದಾಟಬಾರದು.